ಎಣ್ಣೆ ಬಂದ ದಾರಿ, ಹೆಸರು ಹೋದ ದಾರಿ

ವಿಮಾನ ಪೆಕನ್‌ಬಾರುವಿಗೆ ಇಳಿಯತೊಡಗಿದಾಗ ಕಿಟಕಿಯಲ್ಲಿ ಕಂಡದ್ದು ಚುಕ್ಕಿ ರಂಗೋಲಿ. ಯಾರೋ ಹಸಿರು ಪುಡಿ ಹಿಡಿದು ಚುಕ್ಕಿ ಇಡುತ್ತ ಇಡುತ್ತ ಗೆರೆ ಎಳೆಯುವುದನ್ನೇ ಮರೆತು ದಿಗಂತದವರೆಗೂ ನಡೆದುಬಿಟ್ಟ ಹಾಗೆ. ಇನ್ನಷ್ಟು ಕೆಳಗಿಳಿದಾಗ ಒಂದೊಂದು ಚುಕ್ಕಿಗೂ ಸೋಗೆ ಮೂಡಿತು. ತಾಳೆ! ಕತ್ತು ನೋಯುವವರೆಗೆ ನೋಡಿದೆ. ಕತ್ತು ಸೋತಿತು, ತಾಳೆ ಮುಗಿಯಲಿಲ್ಲ.

ನಾನು ಪುತ್ತೂರು ಕಡೆಯ ಅಡಿಕೆ ಕೃಷಿಕ. ಹಿಂದಿನವರು ಗರಿಯ ಮೇಲೆ ಬರೆಯುತ್ತಿದ್ದ ಮರವನ್ನೇ ನಾವು ತಾಳೆ ಎನ್ನುವುದು. ಇದು ಬೇರೆ, ಪಶ್ಚಿಮ ಆಫ್ರಿಕದಿಂದ ಬಂದ ಅದರ ದೂರದ ನೆಂಟ. 1848ರಲ್ಲಿ ಜಾವಾದ ಬೊಗೋರ್ ಸಸ್ಯೋದ್ಯಾನದಲ್ಲಿ ಚಂದಕ್ಕೆಂದು ನಾಲ್ಕೇ ನಾಲ್ಕು ಸಸಿ ನೆಟ್ಟಿದ್ದರಂತೆ. ಆ ನಾಲ್ಕರ ವಂಶ ಹೀಗೆ ನೆಲ ಮುಚ್ಚಿದ್ದನ್ನು ಮೇಲಿನಿಂದ ನೋಡುವಾಗ ಬೆರಗೂ ಆಗುತ್ತದೆ, ಒಳಗೊಳಗೆ ಸ್ವಲ್ಪ ಹೆದರಿಕೆಯೂ ಆಗುತ್ತದೆ.

ಇಲ್ಲಿಗೆ ಬರುವ ಹುಚ್ಚು ಹತ್ತಿದ್ದು ಮಂಗಳೂರಿನ ಬೈಕಂಪಾಡಿಯ ಹೆದ್ದಾರಿಯಲ್ಲಿ, ಎಣ್ಣೆ ಟ್ಯಾಂಕರುಗಳ ಹಿಂದೆ ಕಾರು ಸಿಕ್ಕಿಹಾಕಿಕೊಂಡಾಗಲೆಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತರಿಸಿಕೊಳ್ಳುವ ದೇಶ ನಮ್ಮದು. ಅದರಲ್ಲಿ ಒಂದು ಪಾಲು ಇಳಿಯುವುದು ನವಮಂಗಳೂರು ಬಂದರಿನಲ್ಲಿ. ಬೇಕರಿಯ ಖಾರಾ ಬಿಸ್ಕತ್ತು, ಹೋಟೆಲಿನ ಗೋಳಿಬಜೆ, ಮೈಗೆ ಹಚ್ಚುವ ಸಾಬೂನು, ಎಲ್ಲದರಲ್ಲೂ ಅದು ಇದೆ. ಅಡಿಕೆಯಾದರೆ ಯಾವ ಊರಿನದು, ಯಾರ ತೋಟದ್ದು ಎಂದು ಗೋಣಿ ಬಿಚ್ಚುವಾಗಲೇ ಅಂದಾಜು ಸಿಗುತ್ತದೆ. ಈ ಎಣ್ಣೆಗೆ ಅಪ್ಪ ಅಮ್ಮ ಯಾರು? ಯಾವ ಲೇಬಲಿನಲ್ಲೂ ಇರಲಿಲ್ಲ. ಇಂಡೊನೇಷ್ಯದ ಸುಮಾತ್ರದ ಉಕುಯಿ ಎಂಬಲ್ಲಿ ಸಣ್ಣ ತಾಳೆ ರೈತರೇ ಸೇರಿ ತಮ್ಮ ತೋಟಗಳಿಗೆ ಜಾಗತಿಕ ಪ್ರಮಾಣಪತ್ರ ಪಡೆದಿದ್ದಾರೆ ಎಂದು ಎಲ್ಲೋ ಓದಿದೆ. ಹೊರಟೆ.

ಪೆಕನ್‌ಬಾರು ರಿಯಾವು ಪ್ರಾಂತ್ಯದ ರಾಜಧಾನಿ. ಅಲ್ಲಿಂದ ಸುಮಾತ್ರದ ಪೂರ್ವ ಹೆದ್ದಾರಿ ಹಿಡಿದರೆ ಪೆಲಲವನ್ ಜಿಲ್ಲೆ, ಅದರಾಚೆಯ ತುದಿಯಲ್ಲಿ ಉಕುಯಿ. ದುಭಾಷಿಯಾಗಿ ಬಂದವಳು ಆಗಷ್ಟೇ ಕಾಲೇಜು ಮುಗಿಸಿದ ಹುಡುಗಿ. ನನ್ನನ್ನು 'ಪಾಕ್' ಎಂದು ಕರೆಯುತ್ತಿದ್ದಳು. ಹಿರಿಯ ಗಂಡಸರನ್ನು ಕರೆಯುವುದು ಹಾಗಂತೆ, ಅಪ್ಪ ಎನ್ನುವ ಅರ್ಥದಲ್ಲಿ, ಹೆಂಗಸರಾದರೆ 'ಬು'. ದಾರಿಯುದ್ದಕ್ಕೂ ಎದುರಿನಿಂದ ಲಾರಿಗಳು. ಮೇಲೆ ಬಲೆ ಹೊದಿಸಿದ ಹಣ್ಣಿನ ಗೊನೆಗಳು, ಕಪ್ಪು-ಕಿತ್ತಳೆ ಬಣ್ಣದ ಮುಳ್ಳುಹಂದಿಗಳನ್ನು ಹಿಡಿದು ಪೇರಿಸಿಟ್ಟಂತೆ. ಅವಸರವೋ ಅವಸರ. ಕೊಯ್ದ ಹಣ್ಣು ಇಪ್ಪತ್ತನಾಲ್ಕು ಗಂಟೆಯೊಳಗೆ ಕಾರ್ಖಾನೆ ಸೇರದಿದ್ದರೆ ಎಣ್ಣೆಯಲ್ಲಿ ಹುಳಿ ಏರಿ ಬೆಲೆ ಇಳಿಯುತ್ತದೆ. ಅಡಿಕೆಯನ್ನು ಅಂಗಳದಲ್ಲಿ ಒಣಗಿಸಿ, ಧಾರಣೆ ಸರಿ ಇಲ್ಲ ಎಂದು ಅಟ್ಟದಲ್ಲಿ ವರ್ಷಗಟ್ಟಲೆ ಇಟ್ಟು ಕಾಯುವ ನನಗೆ ಅಲ್ಲೇ ಮೊದಲ ಪಾಠವಾಯಿತು: ಈ ರೈತನಿಗೆ ಕಾಯುವ ಹಕ್ಕೇ ಇಲ್ಲ.

ನಾವು ಇಳಿದುಕೊಂಡ ಮನೆಯ ಪಾಕ್‌ಗೆ ಅರವತ್ತು ದಾಟಿದೆ. ಜನ ಕಿಕ್ಕಿರಿದ ಜಾವಾದಿಂದ ಕುಟುಂಬಗಳನ್ನು ಸರಕಾರವೇ ಸುಮಾತ್ರಕ್ಕೆ ತಂದು ನೆಲೆಗೊಳಿಸುತ್ತಿದ್ದ ಕಾಲದಲ್ಲಿ, ಮದುವೆಯಾದ ಹೊಸತರಲ್ಲಿ ಬಂದವರು. ಆಗ ಸಿಕ್ಕಿದ ತೋಟ ಕಂಪನಿಗೆ ಕಟ್ಟುಬಿದ್ದದ್ದು. ಅದಕ್ಕೆ ಅಲ್ಲಿನವರು ಇಟ್ಟ ಹೆಸರು ಕೇಳಿ ನಗು ಬಂತು. ಕಂಪನಿಯ ತೋಟ ಜೀವಕೋಶದ ಕೇಂದ್ರದಂತೆ, ರೈತನದು ಅದರ ಸುತ್ತಿನ 'ಪ್ಲಾಸ್ಮಾ'. ಆಮೇಲೆ ದುಡಿದು ಕೊಂಡ ಎರಡು ಹೆಕ್ಟೇರ್ ಮಾತ್ರ ಯಾರಿಗೂ ಕಟ್ಟುಬೀಳದ ಸ್ವಂತದ್ದು. ಅಂಥ ರೈತರನ್ನು 'ಸ್ವದಾಯ' ರೈತರು ಎನ್ನುತ್ತಾರೆ. ಆ 'ಸ್ವ' ನಮ್ಮ 'ಸ್ವ'ವೇ. ಬೆಲೆಗೆ 'ಹರ್ಗ' ಎನ್ನುತ್ತಾರೆ, ಸಂಸ್ಕೃತದ 'ಅರ್ಘ'. ಹಳ್ಳಿ 'ದೇಸ'. ಅರ್ಧ ಮಾತು ಹೀಗೆ ಕೈಗೆ ಸಿಕ್ಕಂತಾಗಿ ಇನ್ನರ್ಧ ಜಾರಿಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಆರಕ್ಕೇ ತೋಟ. ನಮ್ಮಲ್ಲಿ ಅಡಿಕೆಗೆ ಒಂಬತ್ತು ಅಡಿ ಅಂತರ, ಇಲ್ಲಿ ತಾಳೆಗೆ ಒಂಬತ್ತು ಮೀಟರ್. ನಡುವೆ ನಿಂತರೆ ದೇವಸ್ಥಾನದ ಪ್ರಾಂಗಣದಲ್ಲಿ ನಿಂತ ಹಾಗೆ, ಮೇಲೆ ಸೋಗೆಗಳ ಕಮಾನು. ಪಾಕ್‌ನ ಮಗ ಅಲ್ಯೂಮಿನಿಯಂ ಕೋಲಿನ ತುದಿಗೆ ಕುಡುಗೋಲು ಕಟ್ಟಿದ 'ಎಗ್ರೆಕ್' ಎತ್ತಿದ. ನಮ್ಮ ದೋಟಿಯ ಅಣ್ಣ! ಈಗೀಗ ನಮ್ಮಲ್ಲೂ ಕಾರ್ಬನ್ ಫೈಬರ್ ದೋಟಿ ಬಂದಿದೆ ಎಂದು ಫೋನಿನಲ್ಲಿ ತೋರಿಸಿದೆ. ಅಪ್ಪ ಮಗ ಇಬ್ಬರೂ ಕೊಯ್ಲು ಬಿಟ್ಟು ವಿಡಿಯೊ ನೋಡುತ್ತ ನಿಂತರು. ಆಮೇಲೆ ಮೊದಲು ಸೋಗೆ ಬಿತ್ತು, ಹಿಂದೆಯೇ ಗೊನೆ. ಇಪ್ಪತ್ತು ಕಿಲೋ ಬಂಡೆ ಬಿದ್ದಂತೆ ಧಡಲ್ಲೆಂದು ನೆಲ ಅದುರಿತು, ಅದರಿಂದ ಸಿಡಿದ ಹಣ್ಣುಗಳು ಹುಲ್ಲಿನಲ್ಲಿ ಉರುಳಿದವು. ಒಂದು ಗೊನೆಯಲ್ಲಿ ಸಾವಿರಕ್ಕೂ ಹೆಚ್ಚು ಹಣ್ಣು. ಪಾಕ್‌ನ ಹೆಂಡತಿ ಬು ಕುಕ್ಕರುಗಾಲಿನಲ್ಲಿ ಕುಳಿತು ಉದುರಿದ ಒಂದೊಂದನ್ನೂ ಹೆಕ್ಕಿ ಗೋಣಿಗೆ ತುಂಬತೊಡಗಿದರು. ನಮ್ಮ ತೋಟದಲ್ಲಿ ಉದುರಡಿಕೆ ಹೆಕ್ಕುವ ಹೆಂಗಸರದ್ದೂ ಅದೇ ಭಂಗಿ. "ಉದುರಿದ್ದರಲ್ಲೇ ಎಣ್ಣೆ ಜಾಸ್ತಿ" ಎಂದರು. ಬುಡದಲ್ಲಿ ಹಣ್ಣು ಉದುರಿದ್ದು ಕಂಡರೆ ಗೊನೆ ಮಾಗಿತು ಎಂದು ಲೆಕ್ಕ. ಒಂದು ಹಣ್ಣನ್ನು ಉಗುರಿನಿಂದ ಸೀಳಿ ನನ್ನ ಅಂಗೈಗೆ ಹಿಂಡಿದರು. ಕೇಸರಿ ಬಣ್ಣದ ಜಿಡ್ಡು. ತೊಳೆದರೂ ಹೋಗಲಿಲ್ಲ.

ಆ ದಿನದ ನಿಜವಾದ ಸೋಜಿಗ ಮಾತ್ರ ಗೊನೆಯಲ್ಲಿರಲಿಲ್ಲ. ಪಾಕ್ ಒಂದು ಮರದ ಗಂಡು ಹೂವಿನ ತೆನೆಯನ್ನು ಬಗ್ಗಿಸಿ ನನ್ನ ಮೂಗಿನ ಹತ್ತಿರ ತಂದರು. ಘಮ್ಮೆಂದು ಸೋಂಪಿನ ವಾಸನೆ! ಊಟವಾದ ಮೇಲೆ ಹೋಟೆಲಿನ ಗಲ್ಲೆಯ ಹತ್ತಿರ ಬಟ್ಟಲಲ್ಲಿ ಇಟ್ಟಿರುತ್ತಾರಲ್ಲ, ಅದೇ. ತೆನೆಯ ತುಂಬ ಎಳ್ಳಿಗಿಂತ ತುಸು ದೊಡ್ಡ ಕಂದು ಮೂತಿಹುಳಗಳು ಜಾತ್ರೆಯಂತೆ ಗಿಜಿಗುಟ್ಟುತ್ತಿದ್ದವು. ಇವು ಇಲ್ಲಿಯವಲ್ಲ. ತಾಳೆಯನ್ನು ಏಷ್ಯಕ್ಕೆ ತಂದವರು ಅದರ ಹುಳವನ್ನು ಆಫ್ರಿಕದಲ್ಲೇ ಬಿಟ್ಟುಬಂದಿದ್ದರು. ನೂರಕ್ಕೂ ಹೆಚ್ಚು ವರ್ಷ ಮರ ಇತ್ತು, ಮದುವೆ ಮಾಡಿಸುವ ಪುರೋಹಿತ ಇರಲಿಲ್ಲ. ಕೂಲಿಯಾಳುಗಳು ಪರಾಗ ಹಿಡಿದು ಹೂವಿಂದ ಹೂವಿಗೆ ಅಲೆಯಬೇಕಿತ್ತು. 1981ರಲ್ಲಿ ಕ್ಯಾಮರೂನಿನಿಂದ ಈ ಹುಳವನ್ನು ಮಲೇಷ್ಯಕ್ಕೆ ತಂದು ಬಿಟ್ಟರು, ಬೆನ್ನಿಗೇ ಇಂಡೊನೇಷ್ಯಕ್ಕೂ ಬಂತು. ಮಂಗಳೂರಿನ ಟ್ಯಾಂಕರುಗಳ ಹಿಂದೆ ಇಷ್ಟು ಸಣ್ಣ ಮೂತಿಯೊಂದು ದುಡಿಯುತ್ತಿದೆ ಎಂದು ಯಾರು ಅಂದುಕೊಂಡಿದ್ದರು!

ಹಳ್ಳದ ಬದಿಗೆ ಬಂದಾಗ ಕೆಲವು ಮರಗಳ ಕಾಂಡಕ್ಕೆ ಎದೆಮಟ್ಟದಲ್ಲಿ ಕೆಂಪು ಪಟ್ಟಿ ಬಳಿದಿತ್ತು. ದೈವದ ಹರಕೆಯೋ ಎಂದು ಕೇಳಿದೆ. ಹುಡುಗಿ ಬಿದ್ದು ಬಿದ್ದು ನಕ್ಕಳು. ಕೆಂಪು ಪಟ್ಟಿಯಿಂದ ಆಚೆ ನೀರಿನವರೆಗೆ ಔಷಧಿ ಹೊಡೆಯುವಂತಿಲ್ಲ, ರಸಗೊಬ್ಬರ ಹಾಕುವಂತಿಲ್ಲ. ತೋಟ ಹೊಸದಾಗಿ ನೆಡುವಾಗ ಆ ಮರಗಳ ಜಾಗ ಹಳ್ಳಕ್ಕೇ ವಾಪಸು. ಇದು ದೈವದ ಕಟ್ಟಳೆಯಲ್ಲ, ಪ್ರಮಾಣಪತ್ರದ ಕಟ್ಟಳೆ.

ಪ್ರಮಾಣಪತ್ರ ಎಂದರೆ ನನಗೆ ಮೊದಲಿನಿಂದಲೂ ಅಲರ್ಜಿ. ಪಹಣಿಯಲ್ಲಿ ಒಂದಕ್ಷರ ತಿದ್ದಿಸಲು ನಾನು ತಿರುಗಿದ ತಿರುಗಾಟ ನೆನೆದರೆ ಇವತ್ತಿಗೂ ತಲೆ ಬಿಸಿಯಾಗುತ್ತದೆ. ಹಾಗಾಗಿ ಸಂಜೆ ರೈತರ ಸಂಘದ ಕಚೇರಿಗೆ ಹೋದದ್ದು ಸ್ವಲ್ಪ ಅನುಮಾನದಿಂದಲೇ. ಒಂದೇ ಕೋಣೆ, ಎರಡು ಕಪಾಟು, ಗೋಡೆಯ ತುಂಬ ನಕ್ಷೆ. ನಕ್ಷೆಯಲ್ಲಿ ಒಬ್ಬೊಬ್ಬರ ತೋಟಕ್ಕೂ ಒಂದೊಂದು ಬಣ್ಣ, ಒಂದೊಂದು ಸಂಖ್ಯೆ. ಪಾಕ್ ತಮ್ಮ ತೋಟದ ಮೇಲೆ ಬೆರಳಿಟ್ಟು, ಮೊಮ್ಮಗನ ಫೋಟೊ ತೋರಿಸುವವರ ಹಾಗೆ ನನ್ನ ಮುಖ ನೋಡಿದರು.

ಕಾರ್ಯದರ್ಶಿ ಬಿಡಿಸಿ ಹೇಳಿದ ಕತೆ ಹೀಗೆ. ಆರ್‌ಎಸ್‌ಪಿಒ, ಅಂದರೆ ಸುಸ್ಥಿರ ತಾಳೆ ಎಣ್ಣೆಯ ದುಂಡುಮೇಜಿನ ಕೂಟ, ಹುಟ್ಟಿದ್ದು 2004ರಲ್ಲಿ. ಕಾಡು ಕಡಿಯದೆ, ಬೆಂಕಿ ಹಾಕದೆ, ಆಳುಗಳನ್ನು ಶೋಷಿಸದೆ ತೆಗೆದ ಎಣ್ಣೆಗೆ ಅದು ಮುದ್ರೆ ಒತ್ತುತ್ತದೆ. ಇವತ್ತು ಜಗತ್ತಿನ ತಾಳೆ ಎಣ್ಣೆಯಲ್ಲಿ ಸುಮಾರು ಐದರಲ್ಲೊಂದು ಪಾಲಿಗೆ ಆ ಮುದ್ರೆ ಇದೆ. ಆದರೆ ಮುದ್ರೆಯ ನಿಯಮ ಬರೆದದ್ದು ಸಾವಿರಾರು ಹೆಕ್ಟೇರಿನ ಕಂಪನಿಗಳನ್ನು ಎದುರಿಗಿಟ್ಟುಕೊಂಡು. ಇಂಡೊನೇಷ್ಯದ ತಾಳೆ ನೆಲದಲ್ಲಿ ಹತ್ತಿರ ಹತ್ತಿರ ಶೇಕಡ 40 ಇರುವುದೋ ಸಣ್ಣವರ ಕೈಯಲ್ಲಿ. ಎರಡು ಹೆಕ್ಟೇರಿನವನು ಪರಿಶೋಧಕನ ಫೀಸು ಕೊಟ್ಟರೆ ಗೊಬ್ಬರಕ್ಕೆ ದುಡ್ಡಿರುವುದಿಲ್ಲ. ಅದಕ್ಕೇ ಗುಂಪು. 2013ರಲ್ಲಿ ಇದೇ ಉಕುಯಿಯಲ್ಲಿ 'ಅಮಾನಾ' ಎಂಬ ಸಂಘದ 349 ರೈತರು, ಎಲ್ಲ ಸೇರಿ 763 ಹೆಕ್ಟೇರ್ ತೋಟದವರು, ದೇಶದಲ್ಲೇ ಮೊದಲ ಸ್ವತಂತ್ರ ಸಣ್ಣ ರೈತರಾಗಿ ಆ ಮುದ್ರೆ ಗಿಟ್ಟಿಸಿದರು. ಸುತ್ತಲಿನ ಹಳ್ಳಿಗಳು ಅವರನ್ನು ನೋಡಿ ಕಲಿತವು.

'ಅಮಾನಾ' ಎಂದರೇನು ಎಂದು ಕೇಳಿದೆ. ನಂಬಿ ಒಪ್ಪಿಸಿದ್ದು ಎಂದಳು ಹುಡುಗಿ, ಅರಬಿ ಮೂಲದ ಶಬ್ದ. ನಮ್ಮ 'ಅಮಾನತ್ತು'! ಮೊದಲು ನಂಬಿ ಇಟ್ಟ ಇಡುಗಂಟಿಗೆ ಹೇಳುತ್ತಿದ್ದ ಮಾತು. ಈಗ ನಮ್ಮ ಪತ್ರಿಕೆಗಳಲ್ಲಿ ಲಂಚ ತಿಂದವನನ್ನು ಅಮಾನತ್ತು ಮಾಡುತ್ತಾರೆ. ಶಬ್ದಗಳಿಗೂ ಊರು ಬಿಟ್ಟ ಮೇಲೆ ಏನೇನು ಪಾಡೋ.

ಕಪಾಟಿನಿಂದ ಪಾಕ್‌ನ ಕಡತ ಹೊರಬಂತು. ನೆಲದ ಪತ್ರ, ಕೃಷಿ ನೋಂದಣಿ ಚೀಟಿ, ಜಿಪಿಎಸ್ ಅಳತೆ, ಕೊಯ್ಲಿನ ದಿನಚರಿ. ದಿನಚರಿಯಲ್ಲಿ ಬುವಿನ ದುಂಡು ಅಕ್ಷರ: ಎರಡು ವಾರಕ್ಕೊಮ್ಮೆ ಎಷ್ಟು ಗೊನೆ, ಎಷ್ಟು ಕಿಲೋ, ಯಾರಿಗೆ ಕೊಟ್ಟದ್ದು. ಇದರಲ್ಲಿ ಬಹಳ ಮಂದಿ ಎಡವುವುದು ಮೊದಲ ಕಾಗದದಲ್ಲೇ. ತಲೆಮಾರಿನಿಂದ ಉಳುತ್ತಿದ್ದರೂ ಪತ್ರ ಇಲ್ಲ, ಅಥವಾ ಪತ್ರ ಇದ್ದರೂ ಸರಕಾರದ ನಕ್ಷೆಯಲ್ಲಿ ಆ ಜಾಗ ಅರಣ್ಯ. ನಮ್ಮ ಕುಮ್ಕಿ, ಡೀಮ್ಡ್ ಫಾರೆಸ್ಟು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪರಿಶೋಧಕ ಬಂದ ದಿನ ಬುವನ್ನೇ ಕೂರಿಸಿ, ಕಳೆನಾಶಕದ ಖಾಲಿ ಡಬ್ಬ ಏನು ಮಾಡುತ್ತೀರಿ ಎಂದು ಕೇಳಿದನಂತೆ. ಮೊದಲೆಲ್ಲ ತೊಳೆದು ನೀರು ತುಂಬಿಸಿಡುತ್ತಿದ್ದರು. "ಈಗ ತೂತು ಮಾಡಿ ಸಂಘಕ್ಕೆ ಕೊಡುತ್ತೇವೆ ಎಂದೆ. ತೂತು ತೋರಿಸಿ ಎಂದ. ತೋರಿಸಿದೆ" ಎಂದು ಹೇಳಿ ಬು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಕಾಗದಪತ್ರದ ಈ ಮೊದಲ ಹೊಸ್ತಿಲಿನ ಎತ್ತರ ಕಡಿಮೆ ಮಾಡಲೆಂದೇ 2019ರ ನವೆಂಬರಿನಲ್ಲಿ ಸಣ್ಣ ರೈತರಿಗೆ ಬೇರೆಯೇ ನಿಯಮಾವಳಿ ಒಪ್ಪಿಗೆಯಾಯಿತು. ಮೆಟ್ಟಿಲು ಮೂರು. ಮೊದಲನೆಯದು ಹತ್ತಿದರೆ ಬೆಳೆಯ ಶೇಕಡ 40ಕ್ಕೆ, ಎರಡನೆಯದಕ್ಕೆ 70ಕ್ಕೆ, ಮೂರನೆಯದಕ್ಕೆ ಪೂರ್ತಿಗೆ ಮುದ್ರೆಯ ಫಲ. ಫಲ ಎಂದೆ, ಎಣ್ಣೆ ಎನ್ನಲಿಲ್ಲ. ಇಲ್ಲೇ ಇರುವುದು ನಾನು ನಂಬಲು ಎರಡು ಲೋಟ ಕಾಫಿ ಬೇಕಾದ ಸಂಗತಿ.

ಅದನ್ನು ಕಣ್ಣಾರೆ ನೋಡಲು ಮರುದಿನ ಹಣ್ಣಿನ ಗಾಡಿ ಹತ್ತಿ ಹೋದೆ. ಹಳ್ಳಿಯ ಹೊರಗೆ 'ರಾಮ್' ಎಂಬ ತೂಕದ ಕಟ್ಟೆ. ಭಕ್ತಿಗೂ ಅದಕ್ಕೂ ಸಂಬಂಧವಿಲ್ಲ, ಇಂಗ್ಲಿಷಿನ ರ‍್ಯಾಂಪ್ ಬಾಯಿಯಿಂದ ಬಾಯಿಗೆ ಸವೆದದ್ದು. ಅಲ್ಲಿ ಕುಳಿತವನು 'ತೊಕೆ', ನಮ್ಮ ದಲ್ಲಾಳಿ ಸಾಹುಕಾರ. ಪ್ರಾಂತ್ಯದ ತೋಟಗಾರಿಕೆ ಕಚೇರಿ ಮರದ ವಯಸ್ಸು ನೋಡಿ ದರ ಗೊತ್ತುಮಾಡುತ್ತದೆ, ಆದರೆ ಆ ದರ ಕಂಪನಿಯೊಂದಿಗೆ ಒಪ್ಪಂದ ಇರುವವರಿಗೆ. ಸ್ವದಾಯದವನಿಗೆ ತೊಕೆ ಹೇಳಿದ್ದೇ ದರ. ಕಟ್ಟೆಯ ಮೇಲೆ ಪಾಕ್‌ನ ಗೊನೆಗಳು ಉರುಳಿದವು. ಅವುಗಳ ಮೇಲೆ ಇನ್ಯಾರದೋ ಗೊನೆಗಳು. ಆ ಇನ್ಯಾರೋ ಎಲ್ಲಿಂದ ಕೊಯ್ದು ತಂದ? ಇಲ್ಲಿಗೆ ದೂರವೇನೂ ಅಲ್ಲದಲ್ಲಿ ತೆಸ್ಸೊ ನಿಲೊ ರಾಷ್ಟ್ರೀಯ ಉದ್ಯಾನ ಇದೆ, 2004ರಲ್ಲಿ ಸುಮಾತ್ರದ ಆನೆಗಳಿಗೆಂದು ಕಾದಿರಿಸಿದ ತಗ್ಗುನೆಲದ ಮಳೆಕಾಡು. ಅದರ ದೊಡ್ಡ ಭಾಗವನ್ನು ಈಗಾಗಲೇ ತಾಳೆ ನುಂಗಿದೆ. ಆ ಹಣ್ಣೂ ಯಾವುದಾದರೊಂದು ಕಟ್ಟೆ ಹತ್ತಲೇಬೇಕು. ಗೊನೆಗೆ ನಾಲಗೆ ಇಲ್ಲ. ಐದು ನಿಮಿಷದಲ್ಲಿ ಕೆಂಪು ಪಟ್ಟಿ ಬಳಿದ ತೋಟದ್ದು ಯಾವುದು, ಕಾಡು ಸುಟ್ಟ ತೋಟದ್ದು ಯಾವುದು, ನನಗಿರಲಿ, ಪಾಕ್‌ಗೂ ತಿಳಿಯದಾಯಿತು.

ಹಾಗಾದರೆ ಅಷ್ಟೆಲ್ಲ ದಿನಚರಿ, ಡಬ್ಬದ ತೂತು ಯಾಕೆ? ಕಾರ್ಯದರ್ಶಿ ನಕ್ಕು ಕಂಪ್ಯೂಟರ್ ತೆರೆದ. ಹಣ್ಣು ಹೋಗಲಿ, ಎಣ್ಣೆಯೂ ಹೋಗಲಿ, ಹೆಸರು ಇಲ್ಲೇ ಇದೆ ಎಂದ. ನೂರು ಟನ್ ಹಣ್ಣಿನಲ್ಲಿ ಇಪ್ಪತ್ತು ಟನ್ ಆಸುಪಾಸು ಎಣ್ಣೆ. ಸಂಘದ ಸದಸ್ಯರ ಬೆಳೆಯ ಲೆಕ್ಕಕ್ಕೆ ಟನ್ ಎಣ್ಣೆಗೊಂದರಂತೆ 'ಕ್ರೆಡಿಟ್' ಹುಟ್ಟುತ್ತದೆ. ಅದನ್ನು ಆರ್‌ಎಸ್‌ಪಿಒದ ಕಂಪ್ಯೂಟರ್ ಸಂತೆಯಲ್ಲಿ ಬೇರೆಯಾಗಿ ಮಾರುತ್ತಾರೆ. ಎಲ್ಲೋ ಯುರೋಪಿನಲ್ಲಿ ಸಾಬೂನು ಮಾಡುವವನೊಬ್ಬ ಅದನ್ನು ಕೊಂಡು, ತಾನು ಬಳಸಿದಷ್ಟು ಎಣ್ಣೆಯನ್ನು ಜಗತ್ತಿನ ಯಾವುದೋ ಮೂಲೆಯ ರೈತ ನೇರ್ಪಾಗಿ ಬೆಳೆದಿದ್ದಾನೆ ಎಂದು ಹೇಳಿಕೊಳ್ಳಬಹುದು. ಅವನ ಸಾಬೂನಿನಲ್ಲಿರುವ ಎಣ್ಣೆ ಬೇರೆ ಯಾರದೋ. ಪಾಕ್‌ನ ಎಣ್ಣೆ ಹೆಸರಿಲ್ಲದೆ ದುಮಾಯಿ ಬಂದರಿಗೆ ಹೋಗುತ್ತದೆ, ಅಲ್ಲಿಂದ ಬಹುಶಃ ನಮ್ಮ ಬೈಕಂಪಾಡಿಗೆ. ಪಾಕ್‌ನ ಒಳ್ಳೆಯ ಹೆಸರು ಮಾತ್ರ ಎಣ್ಣೆಯನ್ನು ಬಿಟ್ಟು ಯುರೋಪಿಗೆ!

ನಮ್ಮ ಜಾನಪದ ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯಲ್ಲಿರುತ್ತದೆ. ಇಲ್ಲಿ ಎಣ್ಣೆಯ ಪ್ರಾಣ ಒಂದು ಕಡೆ, ದೇಹ ಒಂದು ಕಡೆ. ಇದೊಂದು ಕಣ್ಕಟ್ಟು ಎಂದು ಮೊದಲು ಸಿಟ್ಟೇ ಬಂತು. ಆಮೇಲೆ ಹಾಗನ್ನಿಸಲಿಲ್ಲ. ಕಟ್ಟೆಯಲ್ಲಿ ಎಲ್ಲ ಬೆರೆತುಹೋಗುವ ಕಡೆ, ಹತ್ತಿರದ ಕಾರ್ಖಾನೆಗೆ ಮುದ್ರೆಯೇ ಇಲ್ಲದ ಕಡೆ, ಎರಡು ಹೆಕ್ಟೇರಿನವನಿಗೆ ತೆರೆದಿರುವ ಕಿಂಡಿ ಇದೊಂದೇ. ಬಂದ ದುಡ್ಡಿನಲ್ಲಿ ಪರಿಶೋಧನೆಯ ಫೀಸು ಹೋಗಿ, ಗೊಬ್ಬರ ಒಟ್ಟಾಗಿ ತಂದಿದ್ದಾರೆ, ರಸ್ತೆಯ ಗುಂಡಿ ಮುಚ್ಚಿದ್ದಾರೆ. ಇಲಿ ಹಿಡಿಯಲು ತೋಟದಲ್ಲಿ ಕಂಬದ ಮೇಲೆ ಕಣಜ ಗೂಬೆಗೆ ಮರದ ಪೆಟ್ಟಿಗೆ ಇಟ್ಟಿದ್ದಾರೆ. ಸಂಜೆ ಅದರ ತೂತಿನಿಂದ ಒಂದು ಬಿಳಿ ಮುಖ, ಹೃದಯದ ಆಕಾರದ್ದು, ನನ್ನನ್ನೇ ನೋಡಿತು. ಹೆಸರು ಮಾರಿ ತಂದ ಗೂಬೆ ಮನೆ! ಎಲ್ಲ ವರ್ಷವೂ ಕ್ರೆಡಿಟ್ಟಿಗೆ ಗಿರಾಕಿ ಸಿಗುತ್ತಾನೆಂದಿಲ್ಲ. ಸಿಗದ ವರ್ಷ ಸದಸ್ಯರನ್ನು ಸಭೆಗೆ ಎಳೆದು ತರುವುದೇ ಕಷ್ಟ ಎಂದ ಕಾರ್ಯದರ್ಶಿ. 1973ರಲ್ಲಿ ಅಡಿಕೆ ಬೆಲೆ ಬಿದ್ದ ಸಂಕಟದಲ್ಲಿ ನಮ್ಮ ಹಿರಿಯರು ಕ್ಯಾಂಪ್ಕೊ ಸಹಕಾರ ಸಂಘ ಕಟ್ಟಿದ ಕತೆ ಹೇಳಿದೆ. ಟಿಪ್ಪಣಿ ಮಾಡಿಕೊಂಡ.

ರಾತ್ರಿ ಬು ಬಾಳೆಹಣ್ಣಿನ ಪೋಡಿ ಕರಿದರು, 'ಪಿಸಾಂಗ್ ಗೊರೆಂಗ್'. ನಮ್ಮ ನೇಂದ್ರ ಪೋಡಿಯೇ, ಹಿಟ್ಟು ಮಾತ್ರ ಬೇರೆ. ಕರಿದ ಎಣ್ಣೆ ಅಂಗಡಿಯಿಂದ ತಂದ ಪ್ಯಾಕೆಟ್ಟಿನದು. ಎಣ್ಣೆ ಬೆಳೆಯುವವರೂ ಎಣ್ಣೆ ಕೊಳ್ಳಬೇಕು. ಮಾತಿನ ನಡುವೆ 2022ರ ಸುದ್ದಿ ಬಂತು. ದೇಶದೊಳಗೇ ಅಡುಗೆ ಎಣ್ಣೆ ತುಟ್ಟಿಯಾಯಿತೆಂದು ಸರಕಾರ ಏಪ್ರಿಲ್ 28ರಿಂದ ರಫ್ತು ನಿಲ್ಲಿಸಿತು, ಮೇ 23ರವರೆಗೆ. ಟ್ಯಾಂಕುಗಳು ತುಂಬಿ ಕಾರ್ಖಾನೆಗಳು ಹಣ್ಣು ಬೇಡವೆಂದವು. "ಮರಕ್ಕೆ ರಫ್ತು ನಿಷೇಧ ಗೊತ್ತಾಗುತ್ತದೆಯೇ?" ಎಂದರು ಪಾಕ್. "ಅದು ಹಣ್ಣಾಗುತ್ತಲೇ ಇತ್ತು." ಅದೇ ದಿನಗಳಲ್ಲಿ ಎಣ್ಣೆಯ ರೇಟು ನೋಡಿ ನಮ್ಮ ಪುತ್ತೂರಿನ ಹೋಟೆಲಿನವರು ಬಜೆಯ ಗಾತ್ರ ಇಳಿಸಿದ್ದು ನೆನಪಾಯಿತು.

ಈಗ ಹೊಸ ಚಿಂತೆ ಯುರೋಪಿನ ಕಾನೂನು. 2023ರಲ್ಲಿ ಮಾಡಿದ್ದು, ಜಾರಿಯ ದಿನ ಮುಂದಕ್ಕೆ ಹೋಗುತ್ತ ಇದೆ. 2020ರ ಡಿಸೆಂಬರ್ 31ರ ಬಳಿಕ ಕಾಡು ಕಡಿದ ನೆಲದ್ದಲ್ಲ ಎಂಬುದಕ್ಕೆ ಪ್ರತಿ ತೋಟದ ಜಾಗ ನಕ್ಷೆಯಲ್ಲಿ ತೋರಿಸಬೇಕು. ಅಲ್ಲಿ ಕಾಗದದ ಹೆಸರು ಸಾಲದು, ಹಣ್ಣೇ ತಾನು ಬಂದ ದಾರಿ ಹೇಳಬೇಕು, ಕಟ್ಟೆಯಲ್ಲಿ ಬೆರೆಯುವಂತಿಲ್ಲ. ನಕ್ಷೆ ಇರುವ ಪಾಕ್‌ನಂಥವರು ಹೇಗೋ ದಾಟಿಯಾರು. ಇಲ್ಲದ ಪಕ್ಕದ ಹಳ್ಳಿಯವರ ಹಣ್ಣನ್ನು ಆ ಸಂತೆ ಮುಟ್ಟಲಿಕ್ಕಿಲ್ಲ. ಪಾಕ್ ಎಲೆಯಡಿಕೆ ಕೇಳುವಷ್ಟು ಸಹಜವಾಗಿ ನನ್ನತ್ತ ತಿರುಗಿ ಕೇಳಿದರು: "ಇಂಡಿಯಾದವರು ಏನು ಕೇಳುತ್ತಾರೆ, ಪಾಕ್?"

ನಾನು ಪೋಡಿ ಬಾಯಿಗಿಟ್ಟುಕೊಂಡೆ. ನಾವು ಕೇಳುವುದು ರೇಟು ಎಂದು ಹುಡುಗಿಗೆ ಹೇಳಿದೆ. ಅವಳು ಅದನ್ನು ಜಾವಾದ ಮಾತಿಗೆ ಎಷ್ಟು ಸಕ್ಕರೆ ಬೆರೆಸಿ ದಾಟಿಸಿದಳೋ ಗೊತ್ತಿಲ್ಲ. ಪಾಕ್ ತಲೆಯಾಡಿಸಿ ಇನ್ನೆರಡು ಪೋಡಿ ಬಡಿಸಿದರು.

ಕೊನೆಯ ದಿನ ದುಮಾಯಿಗೆ ಹೋದೆ. ಪೆಕನ್‌ಬಾರುವಿನಿಂದ 131 ಕಿಲೋಮೀಟರಿನ ಟೋಲ್ ರಸ್ತೆ, 2020ರಲ್ಲಿ ಆದದ್ದು. ಆನೆಗಳು ದಾಟಲೆಂದು ರಸ್ತೆಯ ಅಡಿಯಲ್ಲಿ ದಾರಿ ಬಿಟ್ಟಿದ್ದಾರೆ. ಸುಳ್ಯದಲ್ಲಿ ರಾತ್ರಿ ಆನೆ ಓಡಿಸಲು ಪಟಾಕಿ ಹಿಡಿದು ಕೂರುವ ನನ್ನ ಭಾವನಿಗೆ ಕಳಿಸಲು ಫೋಟೊ ತೆಗೆದೆ. ಬಂದರಿನೊಳಗೆ ಬಿಡಲಿಲ್ಲ. ಬೇಲಿಯ ಹೊರಗಿನ ಚಹಾ ಅಂಗಡಿಯಿಂದಲೇ ಕಂಡವು ಸಾಲು ಸಾಲು ಬಿಳಿ ಟ್ಯಾಂಕುಗಳು, ಅವುಗಳಾಚೆ ನೀರಿನಲ್ಲಿ ಹೊಟ್ಟೆ ತುಂಬಿ ತಗ್ಗಿ ನಿಂತ ಒಂದು ಹಡಗು. ಎಲ್ಲಿಗೆ ಎಂದು ಚಹಾದವನನ್ನು ಕೇಳಿದೆ. "ಇಂಡಿಯಾ, ಚೀನಾ" ಎಂದು ಕೈ ಬೀಸಿದ, ದೊಡ್ಡ ವಿಷಯವೇ ಅಲ್ಲ ಎಂಬಂತೆ.

ಹೊರಡುವಾಗ ಬು ನಾಲ್ಕು ತಾಳೆಹಣ್ಣು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು, ಮನೆಯವಳಿಗೆ ತೋರಿಸಲು. ಗಿಡ-ಹಣ್ಣು ಗಡಿ ದಾಟಿಸುವಂತಿಲ್ಲ ಎಂದು ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟೆ. ಮೂರೇ ಇದ್ದವು. ನಾಲ್ಕನೆಯದು ಚೀಲದಲ್ಲಿ ನೋಟುಪುಸ್ತಕದ ನಡುವೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಸಿಪ್ಪೆ, ಬೀಜ ಎಲ್ಲ ಕೆರೆದು ಬುಟ್ಟಿಗೆ ಹಾಕಿದೆ. ಕಲೆ ಹೋಗಲಿಲ್ಲ. ಕಚೇರಿಯ ಕೋಣೆಯಲ್ಲಿ ಪಾಕ್ ತಮ್ಮ ಹೆಸರು, ತೋಟದ ಸಂಖ್ಯೆ ಬರೆದುಕೊಟ್ಟ ಪುಟ ಅದು. ವಿಮಾನದಲ್ಲಿ ದೀಪ ಹಾಕಿ ಎತ್ತಿ ಹಿಡಿದೆ. ಎಣ್ಣೆ ಇಳಿದಲ್ಲಿ ಕಾಗದ ತೆಳ್ಳಗೆ ಹೊಳೆಯುತ್ತಿತ್ತು, ಹೆಸರು ಹಿಂದಿನ ಪುಟದಿಂದಲೂ ಕಾಣುತ್ತಿತ್ತು, ತಿರುಗುಮುರುಗಾಗಿ.